ಅಕ್ಕಿ ಅಗಿಯುವ ಸಾಲು

"ಬಾಯಿ ತಗೀಬೇ ಬೋಸುಡಿ. ಎಷ್ಟೊತ್ತ ಅಗೀತಿ?"

ಫೌಜದಾರ ಬೆತ್ತದ ತುದಿಯಿಂದ ಹಾಲವ್ವನ ಗದ್ದ ಎತ್ತಿದ. ಹಾಲವ್ವ ಅಗಿದ ಅಕ್ಕಿಯನ್ನು ಮುತ್ತಲ ಎಲೆಯ ಮೇಲೆ ಉಗುಳಿದಳು. ಜೊಲ್ಲು ಕೂಡಿ ಮುದ್ದೆಯಾಗಿತ್ತು. ಅವನು ಬಗ್ಗಿ ನೋಡಿ, ಆಚೆ ಹೋಗೆಂದು ಬೆತ್ತ ಬೀಸಿದ. ಪಾರಾದ ಹಾಲವ್ವ ಗೋಡೆಗೆ ಒರಗಿ ಕೂತು, ಸೆರಗಿನಿಂದ ಬಾಯಿ ಒರೆಸುತ್ತಲೇ ಇದ್ದಳು.

ಸಾಲಿನಲ್ಲಿ ಇನ್ನೂ ನಾಲ್ವರು ಹೆಂಗಸರಿದ್ದರು. ಮೊದಲು ಮುದುಕಿ ಸಿದ್ದಕ್ಕ, ಅವಳ ಹಿಂದೆ ತಾಯವ್ವ.

ರಬಕವಿಯ ಪೇಟೆಗೆ ಸೀರೆ ಕಳಿಸುವ ಬಸಗೊಂಡಪ್ಪ ಸಾವಕಾರನ ನೇಯ್ಗೆ ಮನೆಯಲ್ಲಿ ಜರಿ ನೂಲಿನ ಎರಡು ಲಡಿ ಕಾಣೆಯಾಗಿದ್ದವು. ಮಗ್ಗದ ಮೇಲೆ ಕೂರುವ ಗಂಡಸರನ್ನು ಯಾರೂ ಕೇಳಲಿಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು ಹಾಜರಿ ಕೇರಿಯವರು. ಹುಟ್ಟಿದ ಕೂಸಿನ ಹೆಸರೂ ಪೊಲೀಸರ ಪುಸ್ತಕದಲ್ಲಿರಬೇಕು, ಊರು ಬಿಡಬೇಕಾದರೆ ಚೀಟಿ ಬೇಕು, ದಿನಾ ಠಾಣೆಯ ಮುಂದೆ ಕೂತು ಹೆಸರು ಕೂಗಿದಾಗ ಓ ಅನ್ನಬೇಕು ಎಂಬ ಕಾಯ್ದೆ ಅವರ ಮೇಲಿತ್ತು. ಮುಂಬಯಿ ಸರಕಾರ ಅದನ್ನು ತೆಗೆದು ನಾಲ್ಕು ವರ್ಷವಾಗಿತ್ತು. ಹಾಗಿದ್ದರೂ ಊರಲ್ಲಿ ಒಂದು ತಂಬಿಗೆ ಕಳೆದರೆ ಪೊಲೀಸರ ಕಾಲು ಕೇರಿಯ ದಾರಿಯನ್ನೇ ಹಿಡಿಯುತ್ತಿತ್ತು.

ಗುಡಿಯ ಪೂಜಾರಿ ಬೆಳಿಗ್ಗೆಯೇ ಮಂತ್ರಿಸಿದ ಅಕ್ಕಿ ಕೊಟ್ಟು ಹೋಗಿದ್ದ. ಒಂದೊಂದು ಹಿಡಿ ಅಗಿದು ಉಗುಳಬೇಕು. ಒದ್ದೆಯಾಗಿ ಬಂದರೆ ಸಾಚಾ. ಒಣ ಹಿಟ್ಟಾಗಿ ಬಂದರೆ ಕಳ್ಳಿ.

ತಾಯವ್ವನ ಗಂಡ ಗಿರಿಮಲ್ಲಪ್ಪ ಇಲ್ಲಿಯೇ ನೂಲಿಗೆ ಬಣ್ಣ ಹಾಕುತ್ತಿದ್ದ. ಮೂರು ವರ್ಷದ ಹಿಂದೆ ಇದೇ ಅಂಗಳದಲ್ಲಿ ಒಣ ಹಿಟ್ಟು ಉಗುಳಿದ. ಹನ್ನೊಂದು ದಿನ ಠಾಣೆಯಲ್ಲಿಟ್ಟುಕೊಂಡು ಬಿಟ್ಟು ಕಳಿಸಿದಾಗ ಅವನ ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಕಳೆದಿದ್ದ ನೂಲಿನ ಗಂಟು ಆಮೇಲೆ ಸಾವಕಾರನ ಅಟ್ಟದ ಮೇಲೇ ಸಿಕ್ಕಿತು. ಈಗ ಮನೆಯಲ್ಲಿ ದುಡಿಯುವುದು ತಾಯವ್ವನ ಕೈ, ಗಂಡನಿಗೆ ರೊಟ್ಟಿ ಮುರಿದು ಕೊಡುವುದೂ ಅವಳ ಕೈ. ಆ ಕೈಯನ್ನು ಅವಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ನಿಂತಿದ್ದಳು.

ಈ ಸಲ ಹೊಸಬನೊಬ್ಬನಿದ್ದ. ಅನಂತರಾವ್ ಎಂದು, ಪುಣೆಯ ಕಾಲೇಜಿನವನು. ಅಪರಾಧ ಮಾಡುವವರ ಮನಸ್ಸು ಹೇಗಿರುತ್ತದೆಂದು ಪುಸ್ತಕ ಬರೆಯುತ್ತಿದ್ದ. ಅವನಿಗೆ ಮಂತ್ರದ ಮೇಲೆ ನಂಬಿಕೆಯಿರಲಿಲ್ಲ, ಅಕ್ಕಿಯ ಮೇಲಿತ್ತು. ಕುರ್ಚಿಯಲ್ಲಿ ಕೂತು ಒಬ್ಬೊಬ್ಬಳ ಮುಂಗೈ ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿ ಬರೆದುಕೊಳ್ಳುತ್ತಿದ್ದ. ಬೈಯುತ್ತಿರಲಿಲ್ಲ. ತಾಯವ್ವನಿಗೆ ಫೌಜದಾರನ ಬೆತ್ತಕ್ಕಿಂತ ಆ ಮೆತ್ತನೆಯ ಬೆರಳುಗಳ ಅಂಜಿಕೆಯೇ ಹೆಚ್ಚು. ಬೆತ್ತ ಎಲ್ಲಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

"ಅಂಜಿಕಿ ಬಂದ್ರ ಬಾಯಿ ಆರತದ ಸಾವಕಾರ್ರ," ಎಂದು ಅನಂತರಾವ್ ಪಕ್ಕದಲ್ಲಿ ನಿಂತ ಬಸಗೊಂಡಪ್ಪನಿಗೆ ತಿಳಿಸಿ ಹೇಳುತ್ತಿದ್ದ. "ತಪ್ಪು ಮಾಡಿದವರಿಗೆ ಅಂಜಿಕಿ ಇರತದ. ಇಷ್ಟ ಇದರಾಗಿನ ಶಾಸ್ತ್ರ."

ಜೊಲ್ಲು ಬರಲೆಂದು ತಾಯವ್ವ ನಾಲಿಗೆ ಕಚ್ಚಿಕೊಂಡಳು. ಎಳೆ ಹುಣಸೆಕಾಯಿ ನೆನೆಸಿಕೊಂಡಳು. ಬಾಯಿ ಸುಣ್ಣ ಬಳಿದ ಗೋಡೆಯ ಹಾಗೆಯೇ ಇತ್ತು.

ಸಿದ್ದಕ್ಕ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ವಸಡಿನಲ್ಲಿ ಹೊರಳಾಡಿಸಿದಳು. ಫೌಜದಾರ ಎಲೆ ಚಾಚಿದ.

"ಉಗುಳಬೇ."

"ಒಳಗ ಹೋತ್ರಿ."

"ನುಂಗಿದೇನ ಹಾದರಗಿತ್ತಿ?"

"ನುಂಗಬಾರ್ದಿತ್ತೇನ್ರಿ?" ಮುದುಕಿ ನಿಜಕ್ಕೂ ಗಾಬರಿಯಾಗಿದ್ದಳು. "ಜ್ವಾಳದ ಬಾಯಿ ರೀ ಇದು. ಹಬ್ಬ ಬಂದ್ರಷ್ಟ ಅಕ್ಕಿ ಕಾಣೂದು. ತಾನ ಇಳದ ಹೋತು, ನನ್ನ ಕೇಳಲಿಲ್ರಿ."

ಗೋಡೆಯ ಹತ್ತಿರ ಹಾಲವ್ವನಿಗೆ ನಗು ಬಂದು ಅಲ್ಲೇ ನಿಂತಿತು. ಅನಂತರಾವನ ಪುಸ್ತಕದಲ್ಲಿ ಗೆರೆ ಹೊಡೆದು ಮಾಡಿದ್ದು ಎರಡೇ ಮನೆ, ಒದ್ದೆಯದೊಂದು, ಒಣದೊಂದು. ಇದನ್ನು ಯಾವುದರಲ್ಲಿ ಬರೆಯಲಿ ಎಂದು ಅವನು ಫೌಜದಾರನನ್ನು ಕೇಳಿದ. ಫೌಜದಾರ ಉತ್ತರ ಕೊಡುವ ಮೊದಲು ಮುದುಕಿಯ ಕೆನ್ನೆಗೆ ಹೊಡೆದ. ಅವಳು ನಿಂತಲ್ಲೇ ಉರುಳಿದಳು.

"ಇಕೀನ ಕಳ್ಳಿ, ಬರಕೊಳ್ರಿ. ಉಗುಳಿದ್ರ ಸಿಕ್ಕ ಬೀಳತೇನಿ ಅಂತ ನುಂಗ್ಯಾಳ."

ಆ ಮಾತು ಕಿವಿಗೆ ಬಿದ್ದದ್ದೇ ತಾಯವ್ವನ ಬಾಯಲ್ಲಿ ನೀರೂರಿತು. ತಡೆಯಲಾಗದಷ್ಟು ಊರಿತು. ಅತ್ತ ಪೊಲೀಸನೊಬ್ಬ ಮುದುಕಿಯ ಕೈ ಹಿಂದಕ್ಕೆ ಕಟ್ಟುತ್ತಿದ್ದ. ಇನ್ನೊಂದೇ ಹಿಡಿ ಕೊಡಿ, ಈ ಸಲ ಉಗುಳುತ್ತೇನೆ ಎಂದು ಸಿದ್ದಕ್ಕ ಅವನನ್ನು ಬೇಡಿಕೊಳ್ಳುತ್ತಿದ್ದಳು.

ಕಳ್ಳಿ ಸಿಕ್ಕ ಮೇಲೆ ಸಾವಕಾರನಿಗೆ ಊಟದ ನೆನಪಾಯಿತು. ಅನಂತರಾವ್ ಬಿಡಲಿಲ್ಲ. ಉಳಿದವರದೂ ಆಗಲಿ, ತನ್ನ ಅಧ್ಯಯನ ಅರ್ಧಕ್ಕೆ ನಿಲ್ಲಬಾರದು ಎಂದ. ತಾಯವ್ವನ ಮುಂಗೈ ಹಿಡಿದ.

"ಎಷ್ಟ ಶಾಂತ ಆಗೇದ ನೋಡವ್ವ ನಿನ್ನ ನಾಡಿ," ಎಂದ. ಅವನಿಗೆ ಸಂತೋಷವಾಗಿತ್ತು.

ಅಕ್ಕಿ ಬಾಯಲ್ಲಿ ಎರಡು ಸಲ ಹೊರಳುವುದರೊಳಗೆ ಮೆತ್ತಗಾಯಿತು. ಮುಂದೆ ಎಲೆ ಇತ್ತು. ಉಗುಳಿ ಮನೆಗೆ ಹೋಗುವುದಷ್ಟೇ ಉಳಿದಿತ್ತು. ಕಟ್ಟಿದ ಕೈಯ ಸಿದ್ದಕ್ಕ ನೆಲದಿಂದ ಅವಳನ್ನೇ ನೋಡುತ್ತಿದ್ದಳು, ಉಗುಳುವುದು ಹೇಗೆಂದು ಕಲಿಯುವವಳ ಹಾಗೆ.

ತಾಯವ್ವ ನುಂಗಿದಳು. ಅನಂತರಾವನ ಬೆರಳಿನಡಿಯಲ್ಲಿ ನಾಡಿ ನೆಗೆಯಿತು. ಅವನು ತಟ್ಟನೆ ತಲೆ ಎತ್ತಿದ.

"ಉಗುಳು," ಎಂದ ಫೌಜದಾರ.

"ಒಳಗ ಹೋತ್ರಿ."

ಬೆತ್ತ ಬೆನ್ನಿನ ಮೇಲೆ ಬಿತ್ತು. ಅವಳ ಹಿಂದಿದ್ದ ಲಕ್ಷ್ಮವ್ವ ತಾನೇ ಕೈ ಹಾಕಿ ಅಕ್ಕಿ ತೆಗೆದುಕೊಂಡು, ಅಗಿಯದೆಯೇ ನುಂಗಿದಳು. ಮಾದೇವಿ ಅಳುತ್ತ ನುಂಗಿದಳು. ಪಾರಾಗಿ ಕೂತಿದ್ದ ಹಾಲವ್ವ ಗೋಡೆ ಬಿಟ್ಟೆದ್ದು ಬಂದು ಸಾಲಿನ ಕೊನೆಯಲ್ಲಿ ನಿಂತು, ನನಗ ಇನ್ನೊಂದೀಟ ಕೊಡ್ರಿ ಎಂದು ಅಂಗೈ ಚಾಚಿದಳು.

ಫೌಜದಾರ ಎಲ್ಲರನ್ನೂ ಒಮ್ಮೆ ನೋಡಿದ. ಅವನ ದನಿ ಸಣ್ಣದಾಯಿತು.

"ಬಾಗಲಾ ಹಾಕು. ಸಾವಕಾರ್ರ ಕಡಿಂದ ಅಕ್ಕಿ ಚೀಲ ಇಸ್ಕೊಂಡ ಬಾ. ಹೊಟ್ಟಿ ಒಡಿಯೂ ಮಟ ನುಂಗ್ಲಿ ಈ ರಂಡೇರು."

ದೊಡ್ಡ ಬಾಗಿಲಿಗೆ ಒಳಗಿನಿಂದ ಅಗಳಿ ಬಿತ್ತು. ಅನಂತರಾವ್ ಪುಸ್ತಕ ಮುಚ್ಚಿ, ತಾನು ಹೊರಗೆ ಹೋಗಬಹುದೇ ಎಂದು ಕೇಳಿದ. ಫೌಜದಾರ ಬೆತ್ತದಿಂದ ಕುರ್ಚಿ ತೋರಿಸಿದ.

ನಿಲ್ಲಲಾಗದೆ ತಾಯವ್ವ ಸಿದ್ದಕ್ಕನ ಪಕ್ಕದಲ್ಲಿ ಕುಸಿದು ಕೂತಳು. ಅವಳು ಬೇಕೆಂದೇ ಕೂತಳೆಂದು ತಿಳಿದು ಉಳಿದ ಮೂವರೂ ಒಂದೇ ಸಾಲಿನಲ್ಲಿ ಕೂತರು, ಪಂಕ್ತಿಗೆ ಕೂತ ಹಾಗೆ. ಪೊಲೀಸ ಚೀಲವನ್ನು ದರದರ ಎಳೆದು ತಂದ. ತಾಯವ್ವನ ಬಾಯಿ ಮತ್ತೆ ಪೂರ್ತಿ ಆರಿತ್ತು. ಮಾತು ಹೊರಡಿಸಲು ಎರಡು ಸಲ ತುಟಿ ಬಿಡಿಸಬೇಕಾಯಿತು. ಅವಳು ಒಂದು ಎಲೆ ಎಳೆದು ಮುಂದೆ ಹಾಸಿಕೊಂಡಳು.

"ಬಡಸ್ರಿ," ಎಂದಳು.