ನಿಂತ ಟಗರು

ಟಣ್ ಎಂಬ ಸದ್ದು ಐನೂರು ಮೀಟರು ದಾಟಿ ಬಂದು ಕಿವಿಗೆ ಬಿದ್ದಾಗ ಶಿವಲೀಲಾ ಆಗಲೇ ಮತ್ತೆ ರೈಫಲಿನ ದುರ್ಬೀನಿನಲ್ಲಿ ಕಣ್ಣಿಟ್ಟಿದ್ದಳು. ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲಿಸಿದ ಐದು ಕಬ್ಬಿಣದ ಟಗರುಗಳಲ್ಲಿ ಮೊದಲನೆಯದು ಒಮ್ಮೆ ನಡುಗಿತು. ನಡುಗಿ, ಹಾಗೇ ನಿಂತುಕೊಂಡಿತು.

"ಬಡೀತು, ಬೀಳ್ಲಿಲ್ಲ," ಎಂದರು ಪಕ್ಕದಲ್ಲಿ ಕೂತಿದ್ದ ಏಜಾಜ. "ಬೀಳದಿದ್ರ ಲೆಕ್ಕಕ್ಕಿಲ್ಲ ಬೇಟಿ."

ಏಜಾಜ ಯಾದಗಿರಿಯ ಸಶಸ್ತ್ರ ಪೊಲೀಸ್ ಪಡೆಯಲ್ಲಿ ಬಂದೂಕುಗಳ ಕೋಣೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಶಹಾಪುರದವರು. ನಿವೃತ್ತಿಗೆ ಇನ್ನು ಐದು ತಿಂಗಳು. ಶಿವಲೀಲಾ ಅದೇ ಪಡೆಯ ಕಾನ್‌ಸ್ಟೇಬಲ್, ಬೋನಾಳದ ಕುರಿಗಾರ ಬೀರಣ್ಣನ ಮಗಳು. ಸುರಪುರದ ಹೊರಗಿನ ಇದೇ ಗುಡ್ಡದ ಬುಡದಲ್ಲಿ ಫೆಬ್ರವರಿ ಕೊನೆಗೆ ಪೊಲೀಸರ ಗುರಿಸ್ಪರ್ಧೆ ಇತ್ತು, ಈಗ ನಡೆದಿದ್ದು ಅದರ ಅಭ್ಯಾಸ. ಸುತ್ತಲ ಜಿಲ್ಲೆಗಳವರೆಲ್ಲ ಬರುವವರಿದ್ದರು. ನಿಂತೇ ಹೊಡೆಯಬೇಕು, ರೈಫಲಿಗೆ ಯಾವ ಆಸರೆಯೂ ಇಲ್ಲ. ಇನ್ನೂರು ಮೀಟರಿನಲ್ಲಿ ಐದು ಕಬ್ಬಿಣದ ಕೋಳಿ, ಮುನ್ನೂರರಲ್ಲಿ ಐದು ಹಂದಿ, ಇನ್ನಷ್ಟು ದೂರ ಐದು ಟರ್ಕಿ ಕೋಳಿ, ಎಲ್ಲಕ್ಕೂ ಆಚೆ ಐದು ಟಗರು. ಒಂದಕ್ಕೆ ಒಂದೇ ಗುಂಡು. ಗೆದ್ದವರಿಗೆ ಬೆಳ್ಳಿಯ ಕಪ್ಪು ಕೊಡುತ್ತಿದ್ದರು, ಯಾದಗಿರಿಗೆ ಅದು ಒಮ್ಮೆಯೂ ಬಂದಿರಲಿಲ್ಲ.

ಗುಂಡುಗಳು ಎರಡು ಬಗೆಯವು. ಹಗುರ ಗುಂಡು ಹೆಗಲಿಗೆ ಹಿತ, ಆದರೆ ಟಗರಿನ ಹತ್ತಿರ ಹೋಗುವ ಹೊತ್ತಿಗೆ ಅದರ ಕಸುವು ತೀರಿರುತ್ತಿತ್ತು. ಬಡಿದರೂ ಟಗರು ಬೀಳುತ್ತಿರಲಿಲ್ಲ. ಭಾರದ ಗುಂಡು ತಾಕಿದರೆ ಟಗರು ಹಿಂದಕ್ಕೆ ಮಗುಚಿ ಬೀಳುತ್ತಿತ್ತು. ಆದರೆ ಅದು ರೈಫಲನ್ನು ಹೆಗಲ ಮೇಲೆ ಒದೆಯುವ ರೀತಿಗೆ, ಹತ್ತನೇ ಗುಂಡಿನ ಹೊತ್ತಿಗೆ ಶಿವಲೀಲಾಳ ಮೈ ತಾನಾಗಿಯೇ ಹೆದರುತ್ತಿತ್ತು. ಟ್ರಿಗರ್ ಎಳೆಯುವ ಮುಂಚೆಯೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು, ಗುಂಡು ಹುಲ್ಲಿಗೆ ಹೋಗುತ್ತಿತ್ತು.

"ಸಣ್ಣದು ಟಗರು ಕೆಡವಂಗಿಲ್ಲ," ಎಂದರು ಏಜಾಜ, ಹಾರಿಸಿದ ಗುಂಡುಗಳ ಖಾಲಿ ಕೊಳವೆಗಳನ್ನು ಆರಿಸಿ ಡಬ್ಬಿಗೆ ಹಾಕುತ್ತ. "ದೊಡ್ಡದು ಟಗರಿಗಿಂತ ಮೊದ್ಲ ನಿನ್ನ ಕೆಡವತದ. ಯಾವ್ದರ ಒಂದ್ ಹಿಡಿ. ಎರಡು ಕೂಡಸಬ್ಯಾಡ, ಗುರಿ ಕೆಡತದ."

ಅವಳು ಭಾರದ್ದನ್ನೇ ಹಿಡಿದಳು.

ಭಾನುವಾರ ರಜೆಗೆ ಊರಿಗೆ ಹೋದಾಗ, ತಲೆ ಬಾಚಲು ಕೈ ಎತ್ತಿದ ಮಗಳ ಹೆಗಲು ತಾಯಿ ಬಾಲಮ್ಮನ ಕಣ್ಣಿಗೆ ಬಿತ್ತು. ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಯಾರ್ ಬಡದಾರವ್ವ ನಿನಗ?"

"ಯಾರೂ ಇಲ್ಲವ್ವ. ರೈಫಲ್ ಒದ್ದದ."

"ಒದಿಯೋದನ್ನ ಯಾಕ ಹಿಡಕೊಂತಿ ಹಂಗಾದ್ರ?" ಬಾಲಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಗಲಿಗೆ ಕಾವು ಕೊಡತೊಡಗಿದಳು.

ಅಂಗಳದಲ್ಲಿ ಬೀರಣ್ಣ ಒಂದು ಕುರಿಯನ್ನು ಮಗ್ಗುಲಿಗೆ ಕೆಡವಿ, ಬೆಳೆದ ಗೊರಸು ಕತ್ತರಿಸುತ್ತಿದ್ದ. ತಲೆ ಎತ್ತದೆ ಕೇಳಿದ: "ದಿನಕ್ಕ ಎಷ್ಟ್ ಸಲ ಒದಿತದ?"

"ಇಪ್ಪತ್ತು."

"ಇಪ್ಪತ್ತೂ ಟಗರಿಗೇ ಹೊಡಿತಿಯೇನು?"

"ಇಲ್ಲಪ್ಪ. ಐದು ಕೋಳಿ, ಐದು ಹಂದಿ, ಐದು ಟರ್ಕಿ ಕೋಳಿ. ಟಗರು ಐದೇ."

ಬೀರಣ್ಣ ಕುರಿಯ ಇನ್ನೊಂದು ಕಾಲು ಹಿಡಿದುಕೊಂಡ. "ಕೋಳಿ ಕೆಡವಾಕ ಅಷ್ಟ್ ದೊಡ್ಡ ಗುಂಡು ಯಾಕ ಬೇಕವ್ವ?"

ಶಿವಲೀಲಾ ನಕ್ಕಳು. ಆಮೇಲೆ ಉಪ್ಪಿನ ಗಂಟನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಬಹಳ ಹೊತ್ತು ತಾನೇ ಹೆಗಲಿಗೆ ಒತ್ತಿಕೊಂಡು ಕೂತಳು.

ಸೋಮವಾರ ಏಜಾಜರಿಗೆ ಹೇಳಿದಳು: ಮೊದಲ ಹದಿನೈದಕ್ಕೆ ಹಗುರ ಗುಂಡು, ಟಗರಿಗೆ ಮಾತ್ರ ಭಾರದ್ದು. ಅವರು ಒಪ್ಪಲಿಲ್ಲ. ಎರಡು ಗುಂಡಿನ ದಾರಿ ಬೇರೆ ಬೇರೆ. ನಡುವೆ ದುರ್ಬೀನಿನ ತಿರುಪನ್ನು ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಬೇಕು. ಒಂದು ಹಲ್ಲು ಹೆಚ್ಚು ಕಡಿಮೆಯಾದರೂ ಗುಂಡು ಟಗರಿನ ಬೆನ್ನ ಮೇಲಿಂದ ಹಾರಿಹೋಗುತ್ತದೆ. "ಮೂವತ್ತೊಂದು ವರ್ಷದಾಗ ಯಾರಿಗೂ ಹಿಂಗ ಮಾಡಾಕ ಬಿಟ್ಟಿಲ್ಲ ನಾ," ಎಂದರು.

"ಈ ಸಲ ಬಿಡ್ರಿ ಸಾಹೇಬ್ರ."

ಹನ್ನೆರಡು ದಿನ ಬೆಳಗಿನ ಗಾಳಿಯಲ್ಲಿ, ನಡು ಬಿಸಿಲಲ್ಲಿ ಹೊಡೆದು ಹೊಡೆದು ಶಿವಲೀಲಾ ತಿರುಪಿನ ಹಲ್ಲುಗಳನ್ನು ಪುಸ್ತಕದಲ್ಲಿ ಬರೆದಿಟ್ಟಳು. ಹದಿಮೂರನೇ ದಿನ ಏಜಾಜ ಆ ಪುಸ್ತಕ ತೆಗೆದುಕೊಂಡು ಕನ್ನಡಕ ಹಾಕಿ ಓದಿದರು. ಒಂದು ಕಡೆ ಪೆನ್ಸಿಲಿನಿಂದ ತಿದ್ದಿ ಹಿಂದಕ್ಕೆ ಕೊಟ್ಟರು.

ಸ್ಪರ್ಧೆಯ ಬೆಳಿಗ್ಗೆ ಶಾಮಿಯಾನದ ಕೆಳಗೆ ದೊಡ್ಡ ಸಾಹೇಬರು ಮೈಕು ಹಿಡಿದು ನಿಯಮ ಓದಿದರು. ಕೊನೆಗೆ ಮುಗುಳ್ನಕ್ಕು, "ನಮ್ಮ ನಾಲ್ವರು ಮಹಿಳಾ ಸಿಬ್ಬಂದಿಗೆ ಒಂದು ರಿಯಾಯಿತಿ. ಟಗರು ಬೀಳಲೇಬೇಕೆಂದಿಲ್ಲ, ಬಡಿದರೆ ಸಾಕು," ಎಂದರು. ಚಪ್ಪಾಳೆ ಬಿತ್ತು. ಶಿವಲೀಲಾಳ ಕಿವಿ ಬಿಸಿಯಾಯಿತು. ಪಕ್ಕದ ಜಿಲ್ಲೆಯ ನಾಗಲಕ್ಷ್ಮಿ ನೆಲ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಗಂಡಸರದು ಮುಗಿದಿತ್ತು. ಎಲ್ಲರಿಗಿಂತ ಮುಂದಿದ್ದವನು ಬೇರೆ ಜಿಲ್ಲೆಯ ಮೌನೇಶ ಎಂಬ ಎತ್ತರದ ಕಾನ್‌ಸ್ಟೇಬಲ್. ಇಪ್ಪತ್ತರಲ್ಲಿ ಹನ್ನೆರಡು ಕೆಡವಿದ್ದ, ಅದರಲ್ಲಿ ಟಗರು ಎರಡು. ನಾಗಲಕ್ಷ್ಮಿ ಒಂಬತ್ತಕ್ಕೆ ಮುಗಿಸಿದಳು. ಕೊನೆಯವಳು ಶಿವಲೀಲಾ. ಹಗ್ಗದ ಆಚೆ ನಿಂತ ಜನರ ನಡುವೆ, ಕಂಬಳಿ ಹೆಗಲಿಗೆ ಹಾಕಿಕೊಂಡ ಬೀರಣ್ಣ ಕಂಡ. ಬಾಲಮ್ಮನಿಗೆ ಕುರಿ ಒಪ್ಪಿಸಿ, ಮೊದಲ ಬಸ್ಸಿಗೇ ಬಂದಿದ್ದನಂತೆ.

ಹಗುರ ಗುಂಡಿನಲ್ಲಿ ಮೂರು ಕೋಳಿ, ಮೂರು ಹಂದಿ, ಎರಡು ಟರ್ಕಿ ಕೋಳಿ ಬಿದ್ದವು. ಎಂಟು. ಹೆಗಲು ಇನ್ನೂ ಹಸನಾಗಿತ್ತು. ಅವಳು ಪುಸ್ತಕ ನೋಡಿ ತಿರುಪಿನ ಹಲ್ಲು ಎಣಿಸಿ ತಿರುಗಿಸಿದಳು, ಭಾರದ ಗುಂಡು ತುಂಬಿದಳು.

ಮೊದಲ ಟಗರು ಬಿತ್ತು. ರೈಫಲ್ ಒದ್ದಾಗ ಮೈ ಸಡಿಲ ಬಿಟ್ಟು, ಆ ಒದೆತವನ್ನು ಕಾಲಿನಿಂದ ನೆಲಕ್ಕೆ ಇಳಿಸಿದಳು. ಎರಡನೆಯದಕ್ಕೆ ಗಾಳಿ ತುಸು ತಳ್ಳಿತು. ಗುಂಡು ಹಿಂಗಾಲಿನ ಅಂಚು ಸವರಿ ಟಿಣ್ ಎಂದಿತು. ಟಗರು ತಿರುಗಿದಂತಾಗಿ ನಿಂತಿತು. ಮೂರನೆಯದು ಬಿತ್ತು. ನಾಲ್ಕನೆಯದಕ್ಕೆ ಗುಂಡು ತಾಕಲೇ ಇಲ್ಲ. ಹಿಂದಿನ ಗುಡ್ಡದಲ್ಲಿ ಮಣ್ಣು ಹಾರಿತು. ಐದನೆಯದಕ್ಕೆ ಅವಳು ಎರಡು ಸಲ ರೈಫಲ್ ಎತ್ತಿ ಇಳಿಸಿದಳು. ಮೂರನೇ ಸಲ ಎತ್ತಿದಾಗ ಜನರ ಗದ್ದಲ ಕಿವಿಗೆ ಬೀಳಲಿಲ್ಲ, ಉಸಿರೊಂದೇ ಇತ್ತು. ಗುಂಡು ಹಾರಿತು. ಟಗರು ಕೋಡಿನ ಭಾರಕ್ಕೆಂಬಂತೆ ಹಿಂದಕ್ಕೆ ವಾಲಿ, ಬಿತ್ತು.

ಬೆಳಗಿನಿಂದ ಯಾರೂ ಮೂರು ಟಗರು ಕೆಡವಿರಲಿಲ್ಲ. ಹಗ್ಗದ ಆಚೆ ಸಿಳ್ಳೆ ಎದ್ದಿತು.

ಅಂಕ ಬರೆಯುವ ಮೇಜಿನ ಹತ್ತಿರ ಗುಮಾಸ್ತ ಮನ್ಸೂರಅಲಿ ಪೆನ್ನು ಹಿಡಿದು ಕೂತಿದ್ದ. "ಎಂಟು, ಮೂರು, ಹನ್ನೊಂದು. ಬಡದು ನಿಂತದ್ದು ಒಂದು. ರಿಯಾಯಿತಿ ಹಿಡದ್ರ ಹನ್ನೆರಡು ಆತ್ರಿ. ಮೌನೇಶಂದೂ ಹನ್ನೆರಡು. ಸರಿಸಮ ಬಂದ್ರ ಟಗರು ಹೆಚ್ಚು ಇದ್ದವ್ರಿಗೆ ಕಪ್ಪು." ಅವನು ನಕ್ಕ. "ಮುಬಾರಕ್, ಮೇಡಮ್."

ಏಜಾಜರ ಕಣ್ಣು ತುಂಬಿಬಂತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

ಶಿವಲೀಲಾ ಆ ಪುಟ ನೋಡಿದಳು. ಪೆನ್ನು ಇನ್ನೂ ಕಾಗದಕ್ಕೆ ತಾಗಿರಲಿಲ್ಲ.

"ಅದು ನಿಂತದಲ್ರಿ," ಎಂದಳು.

"ನಿಯಮ ಅದ ಬೇಟಿ," ಎಂದರು ಏಜಾಜ ಮೆಲ್ಲಗೆ. "ಮುಂಜಾನಿ ಸಾಹೇಬ್ರೇ ಹೇಳ್ಯಾರ. ನೀ ಕೇಳಿ ಇಸಗೊಂಡಿದ್ದಲ್ಲ. ಸುಮ್ನಿರು."

"ಬೀಳದಿದ್ರ ಲೆಕ್ಕಕ್ಕಿಲ್ಲ ಅಂತ ಕಲಿಸಿದವ್ರು ನೀವೇ ಅಲ್ರಿ?"

ಏಜಾಜ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ಕೆಲವೇ ತಿಂಗಳಲ್ಲಿ ನಿವೃತ್ತನಾಗಿ ಮನೆಗೆ ಹೋಗುವ ಮನುಷ್ಯನಿಗೆ ಈ ಕಪ್ಪು ಏನೆಂದು ಅವಳಿಗೆ ಗೊತ್ತಿತ್ತು. ಆದರೂ ಮನ್ಸೂರಅಲಿಯ ಕಡೆ ತಿರುಗಿ, "ಹನ್ನೊಂದು ಬರೀರಿ," ಎಂದಳು.

"ಸಾಹೇಬ್ರು ಏನಂತಾರೋ..."

"ನಾನೇ ಹೇಳತೀನ್ರಿ."

ಹೇಳಿದಳು ಕೂಡ. ಶಾಮಿಯಾನದ ಮುಂದೆ ಸೆಲ್ಯೂಟ್ ಹೊಡೆದು, ಎಲ್ಲರಿಗೂ ಕೇಳುವ ಹಾಗೆ: "ಸರ್, ಕೆಡವಿದ ಟಗರಷ್ಟೇ ನಂದು. ನಿಂತದ್ದು ನಂಗ ಬ್ಯಾಡ್ರಿ." ದೊಡ್ಡ ಸಾಹೇಬರ ಮುಗುಳ್ನಗೆ ಇಳಿದುಹೋಯಿತು. ಅವರು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ನಾಗಲಕ್ಷ್ಮಿ ಎದ್ದು ಬಂದು ಪಕ್ಕದಲ್ಲಿ ನಿಂತಳು. "ನಂದೂ ಒಂದು ನಿಂತದ್ರಿ ಸರ್. ತಗೀರಿ ಅದನ್ನ. ಎಂಟು ಬರೀರಿ."

ಸಾಹೇಬರು ಇಬ್ಬರನ್ನೂ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು. "ಮುಂದಿನ ವರ್ಷದಿಂದ ಆ ರಿಯಾಯಿತಿ ಇರುವುದಿಲ್ಲ," ಎಂದರು.

ಕಪ್ಪು ಮೌನೇಶನಿಗೆ ಹೋಯಿತು. ಅದನ್ನು ಹಿಡಿದು ಇಳಿದು ಬಂದವನು ನೇರ ಶಿವಲೀಲಾಳ ಹತ್ತಿರ ಬಂದ. "ಮೂರು ಟಗರು ಹೆಂಗ್ ಕೆಡವಿದ್ರಿ ಅಕ್ಕಾರ? ನನ್ನ ಹೆಗಲು ಎರಡಕ್ಕೇ ಸೋತಿತ್ತು," ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಏಜಾಜ ನಡುವೆ ಬಂದರು. "ಅದು ಯಾದಗಿರಿ ಗುಟ್ಟು. ಹೇಳಂಗಿಲ್ಲ," ಎಂದು ಎದೆ ಉಬ್ಬಿಸಿ ಅವನನ್ನು ಕಳಿಸಿಬಿಟ್ಟರು.

ಇಳಿಹೊತ್ತಿಗೆ ಗುರಿಗಳನ್ನು ಎತ್ತಿಡುವ ಕೆಲಸ ಶುರುವಾಯಿತು. ಬೀರಣ್ಣ ಹಗ್ಗ ದಾಟಿ, ಯಾರನ್ನೂ ಕೇಳದೆ ಗುಡ್ಡದ ಕಡೆ ನಡೆಯತೊಡಗಿದ. ಶಿವಲೀಲಾ ಹಿಂದೆ ಹೋದಳು. ಐನೂರು ಮೀಟರು ನಡೆಯುವಷ್ಟರಲ್ಲಿ ಅವನು ಒಂದೆರಡು ಸಲ ತಿರುಗಿ, ಅವಳು ನಿಂತು ಹೊಡೆದ ಜಾಗ ಎಷ್ಟು ದೂರವಿದೆಯೆಂದು ನೋಡಿದ.

ಐದನೇ ಟಗರು ಅಂಗಾತ ಬಿದ್ದಿತ್ತು. ತಂದೆ ಮಗಳು ಎರಡು ಕಡೆ ಹಿಡಿದು ಎತ್ತಿ ನಿಲ್ಲಿಸಿದರು. ಟಗರಿನ ಭುಜದ ಮೇಲೆ ಗುಂಡು ಬಡಿದ ಕಡೆ ಕಪ್ಪು ಬಣ್ಣ ಹಾರಿ, ರೂಪಾಯಿ ನಾಣ್ಯದಗಲ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣದ ಡಬ್ಬಿ ಹಿಡಿದ ಆಳೊಬ್ಬ ಸಾಲಿನುದ್ದಕ್ಕೂ ಒಂದೊಂದೇ ಗುರುತು ಬಳಿದು ಮುಚ್ಚುತ್ತ ಬರುತ್ತಿದ್ದ. ಬೀರಣ್ಣ ಆ ಜಾಗದ ಮೇಲೆ ಅಂಗೈ ಇಟ್ಟು ನಿಂತುಕೊಂಡ. ಆಳು ಬಂದು ಬ್ರಷ್ ಎತ್ತಿದ, ಒಂದು ಗಳಿಗೆ ಕಾದ. ಬೀರಣ್ಣ ಕೈ ತೆಗೆಯಲಿಲ್ಲ. ಆಳು ಅವನ ಮುಖ ನೋಡಿ, ಬ್ರಷ್ ಡಬ್ಬಿಗೆ ಅದ್ದಿ, ಆ ಟಗರನ್ನು ಹಾಗೇ ಬಿಟ್ಟು ಹೊರಟುಹೋದ.