ದೊಡ್ಡ ಪರದೆಯ ಎಡಬದಿ

ಟ್ಯಾಬ್‌ನಲ್ಲಿ ತನ್ನ ಮುಖ ಕಂಡ ಕೂಡಲೇ ಮಾಮೆ ಸೆಚಿವಾಗೆ ಅದನ್ನೆತ್ತಿ ಚರಂಡಿಗೆ ಎಸೆಯಬೇಕೆನಿಸಿತು. ಅರವತ್ತೆರಡು ವರ್ಷ ಜೋಪಾನವಾಗಿ ಹೊತ್ತು ತಿರುಗಿದ ಮುಖ. ಮೊಬೈಲಿನಲ್ಲಿ ತೋರಿಸಿದಾಗ ನೆಟ್ಟಗೇ ಇತ್ತು. ಈಗ ಎರಡೂ ಕಡೆಯಿಂದ ಹಿಡಿದೆಳೆದ ಹಿಟ್ಟಿನ ಹಾಗೆ ಅಡ್ಡಕ್ಕೆ ಹಿಗ್ಗಿ, ಒಂದು ಕಿವಿಯೋಲೆ ಪರದೆಯ ಅಂಚು ದಾಟಿ ಕಾಣದೇ ಹೋಗಿತ್ತು. ಕೆಳಗೆ ಬರೆದ ಹೆಸರು ಮಾತ್ರ ಹಿಗ್ಗಿರಲಿಲ್ಲ. ಅದು ಇರುವೆ ಸಾಲಿನಷ್ಟು ಸಣ್ಣಗೆ ಒಂದು ಮೂಲೆಯಲ್ಲಿ ಬಿದ್ದಿತ್ತು. ಆಮೇಲೆ ಒಂದು ಗೇಣು ಬರೀ ಬಿಳಿ ಬಯಲು. ಬಯಲಿನಾಚೆ ಬಲಗಡೆ ಎದುರಾಳಿ ಫೊಸ್ವಾಳ ಮುಖ. ಅದೂ ಹಿಗ್ಗಿತ್ತು, ಅಷ್ಟೇ ಸಮಾಧಾನ. ಅದರ ಕೆಳಗೆ, ಬಲಮೂಲೆಯ ತುದಿಯಲ್ಲಿ, ಕಡಲೆಕಾಳಿನಷ್ಟು ಒಂದು ಹಸಿರು ಗುಂಡಿ.

"ಏನಯ್ಯಾ ಇದು, ನನ್ನ ಮೇಲೆ ಲಾರಿ ಹತ್ತಿಸಿದ್ದೀಯಾ?" ಎಂದಳು.

ಅಗ್ಯೆಮಾಂಗ್ ತಲೆಯೆತ್ತಲಿಲ್ಲ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು ಅವನು, ಸಾಲದ್ದಕ್ಕೆ ಫೊಸ್ವಾಳ ಅಕ್ಕನ ಮಗ. ಬಡಗಿ ಮಾಡಿಕೊಟ್ಟ ಮರದ ಪೆಟ್ಟಿಗೆಯೊಳಗೆ ಟ್ಯಾಬನ್ನು ಅಡ್ಡಕ್ಕೆ ಕೂರಿಸಿ ಮೊಳೆ ಹೊಡೆಯುತ್ತಿದ್ದ. ಈ ಆಪ್ ಮೊಬೈಲಿಗೆಂದೇ ಮಾಡಿದ್ದು, ಅಂಗೈಯಗಲದ ಪರದೆಯಲ್ಲಿ ಚೆನ್ನಾಗಿಯೇ ಇರುತ್ತದೆ, ದೊಡ್ಡ ಪರದೆ ಸಿಕ್ಕರೆ ಅದಕ್ಕೆ ದಿಕ್ಕು ತೋಚುವುದಿಲ್ಲ, ಇದ್ದಷ್ಟನ್ನೇ ಎಳೆದು ಹರಡುತ್ತದೆ ಎಂದು ವಿವರಿಸಿದ. ತಡೆದು, ಬಾಯಲ್ಲಿದ್ದ ಮೊಳೆ ತೆಗೆದು, "ದೊಡ್ಡದೇ ಬೇಕು ಅಂದಿದ್ದು ನೀವೇ ಅಲ್ವಾ ಮಾಮೆ?" ಎಂದ.

ಅಂದದ್ದು ಅವಳೇ. ಅದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು.

ಹೆಗ್ಗೆಣಸಿನ ಸಾಲಿಗೆ ಒಡತಿಯಾಗಿದ್ದ ಮುದುಕಿ ಹಿಂದಿನ ತಿಂಗಳು ತೀರಿಕೊಂಡಿದ್ದಳು. ಟೆಚಿಮಾನ್ ಸಂತೆಯಲ್ಲಿ ಒಂದೊಂದು ಸಾಮಾನಿನ ಸಾಲಿಗೂ ಒಬ್ಬಳು ಒಡತಿ, ಒಹೆಮಾ. ಯಾವ ಲಾರಿ ಎಲ್ಲಿ ಇಳಿಸಬೇಕು, ಯಾರ ಜಗಳದಲ್ಲಿ ಯಾರದು ತಪ್ಪು, ಎಲ್ಲದಕ್ಕೂ ಅವಳದೇ ಕೊನೆಯ ಮಾತು. ಅವಳು ಸಾಲಿಗೆ ಕಾಲಿಟ್ಟರೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ, ಅವಳು ಕೂರಿ ಎನ್ನುವ ತನಕ ಕೂರುವುದಿಲ್ಲ. ಹತ್ತೊಂಬತ್ತು ವರ್ಷ ಸೆಚಿವಾ ಆ ಮುದುಕಿಯ ಬೆನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದವಳು. ಛತ್ರಿ ಹಿಡಿದಿದ್ದಾಳೆ, ಬೈಗುಳ ತಿಂದಿದ್ದಾಳೆ, ಮುದುಕಿಯ ಕಾಲು ಊದಿಕೊಂಡಾಗ ನೀವಿದ್ದಾಳೆ. ಇನ್ನೊಬ್ಬಳಿಗಾಗಿ ಜನ ಏಳುವುದನ್ನು ನೋಡಿ ನೋಡಿ ಅವಳ ಹೊಟ್ಟೆಯಲ್ಲಿ ಒಂದು ಆಸೆ ಬೇರು ಬಿಟ್ಟಿತ್ತು. ತನಗಾಗಿಯೂ ಅವರು ಏಳಬೇಕು, ಅಷ್ಟೆ. ದೇವರ ಮುಂದೆ ಬೇಡುವಾಗಲೂ ಬೇರೇನನ್ನೂ ಬೇಡುತ್ತಿರಲಿಲ್ಲ.

ಹಿರಿಯರು ಕೂತು ಆರಿಸಿದ್ದರೆ ಆ ಪಟ್ಟ ಅವಳಿಗೇ. ಆದರೆ ಫೊಸ್ವಾ ಬಿಡಬೇಕಲ್ಲ. ನಲವತ್ತೈದರ ಹೆಂಗಸು, ಬಾಯಿ ತೆಗೆದರೆ ಲಾರಿ ಹಾರನ್ನಿಗೆ ಕಡಿಮೆಯಿಲ್ಲ. ಈ ಕಾಲದಲ್ಲಿ ನಾಲ್ಕು ಜನ ಮುದುಕರು ಮೂಲೆಯಲ್ಲಿ ಪಿಸುಗುಟ್ಟಿ ಒಡತಿಯನ್ನು ಆರಿಸುವುದೇನು, ಸಾಲಿನಲ್ಲಿ ಕೂರುವ ಪ್ರತಿಯೊಬ್ಬಳೂ ಮತ ಹಾಕಲಿ ಎಂದು ಪಟ್ಟು ಹಿಡಿದಳು. ಚೀಟಿ ಓದಲು ಬರುವುದಿಲ್ಲ ಎಂದರೆ ಅಗ್ಯೆಮಾಂಗ್ ಮೇಷ್ಟ್ರುಗಳ ಸಂಘದಲ್ಲಿ ಬಳಸಿದ ಆಪ್ ತಂದ. ಬೇಕಾದವರ ಮುಖದ ಮೇಲೆ ಒಂದು ಬೆರಳು ಒತ್ತಿ ಹಿಡಿದು, ಬಿಡದೆ, ಇನ್ನೊಂದು ಬೆರಳಲ್ಲಿ ಹಸಿರು ಗುಂಡಿ ಒತ್ತಬೇಕು. ಕೈತಪ್ಪಿ ಮತ ಬೀಳಬಾರದೆಂದು ಹಾಗೆ ಮಾಡಿದ್ದಂತೆ. ಮೊಬೈಲಿನಲ್ಲಿ ಅದು ಒಂದೇ ಕೈಯ ಕೆಲಸ, ತೋರುಬೆರಳು ಮುಖಕ್ಕೆ, ಹೆಬ್ಬೆರಳು ಗುಂಡಿಗೆ.

ಸೆಚಿವಾ ಎರಡು ಷರತ್ತು ಹಾಕಿದ್ದಳು. ಬೆಂಕಿಪೊಟ್ಟಣದಷ್ಟು ಮುಖ ಮುದುಕಿಯರಿಗೆ ಕಾಣುವುದಿಲ್ಲ, ದೊಡ್ಡ ಪರದೆ ತರಬೇಕು. ಮತ್ತೆ, ತಾನು ವಯಸ್ಸಿನಲ್ಲಿ ಹಿರಿಯಳು, ತನ್ನ ಮುಖವೇ ಮೊದಲು ಬರಬೇಕು. ಮೊಬೈಲಿನಲ್ಲಿ ಮೊದಲು ಅಂದರೆ ಮೇಲೆ, ಫೊಸ್ವಾಳ ತಲೆಯ ಮೇಲೆ. ಅಡ್ಡ ಮಲಗಿಸಿದ ಟ್ಯಾಬ್‌ನಲ್ಲಿ ಮೊದಲು ಅಂದರೆ ಎಡಗಡೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಬೆಳಿಗ್ಗೆ ಎಂಟಕ್ಕೆ ಮತದಾನ ಶುರುವಾಯಿತು. ಬಣ್ಣದ ಬಟ್ಟೆ ಕಟ್ಟಿದ ಮರೆ, ಅದರೊಳಗೆ ಮೇಜು, ಮೇಜಿನ ಮೇಲೆ ಪೆಟ್ಟಿಗೆ. ಹೊರಗೆ ಒಪಾಯಿನ್ ಬದು ಕುರ್ಚಿ ಹಾಕಿಕೊಂಡು ಕೂತಿದ್ದರು. ಚರ್ಚಿನ ಲೆಕ್ಕಪತ್ರ ನೋಡಿ ನಿವೃತ್ತರಾದ ಹಿರಿಯರು, ಎರಡೂ ಕಡೆಯವರು ಒಪ್ಪಿದವರು. ಮೊದಲ ಮತ ಸೆಚಿವಾಳದೇ. ಒಳಹೋದಳು, ಎಡಗೈ ತನ್ನ ಮುಖದ ಮೇಲಿಟ್ಟಳು, ಬಲಗೈಯಲ್ಲಿ ಗುಂಡಿ ಒತ್ತಿದಳು, ಗಂಟೆಯ ಸದ್ದಾಯಿತು, ಹೊರಬಂದಳು. ತನ್ನ ಮುಖ, ತನ್ನ ಕೈ. ಅದರಲ್ಲಿ ಯೋಚಿಸುವುದೇನಿದೆ ಎಂದು ಅವಳು ಯೋಚಿಸಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಏನೋ ಕೆಟ್ಟ ವಾಸನೆ ಬಡಿಯಿತು. ಫೊಸ್ವಾ ಕಡೆಯ ಹೆಂಗಸರು ಒಳಹೋದಷ್ಟೇ ಬೇಗ ಗಂಟೆ ಹೊಡೆಸಿ, ನಗುತ್ತಾ ಬರುತ್ತಿದ್ದರು. ಅವಳ ಕಡೆಯವರು, ಅವಳ ಕೈಯಿಂದ ಉಂಡವರು, ಅವಳ ಮಾತಿಗೆ ಎದುರಾಡದ ಮುದುಕಿಯರು, ಒಳಗೆ ಬಹಳ ಹೊತ್ತು ನಿಂತು, ಗಂಟೆಯ ಸದ್ದಿಲ್ಲದೆ, ನೆಲ ನೋಡುತ್ತಾ ಹೊರಬರುತ್ತಿದ್ದರು. ಒಬ್ಬಳೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಾರಿಕೊಂಡಿದ್ದಾರೆ ಎಂದುಕೊಂಡಳು ಸೆಚಿವಾ. ಉಂಡ ಮನೆಗೆ ಎರಡು ಬಗೆಯುವ ಜಾತಿ. ಒಬ್ಬೊಬ್ಬಳ ಹೆಸರನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು, ನಾಳೆ ಯಾರ ಗೆಣಸು ಯಾವ ಬಿಸಿಲಿನಲ್ಲಿ ಒಣಗಬೇಕು ಎಂಬುದನ್ನೂ ತೀರ್ಮಾನಿಸಿದಳು.

ನಾನಾ ಪೊಕುವಾ ಕೂಡ ಹಾಗೇ ತಲೆತಗ್ಗಿಸಿ ಹೊರಬಂದಾಗ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಎಂಬತ್ತು ದಾಟಿದ ಅಜ್ಜಿ, ಹಿರಿಯಳೆಂದು ಎಲ್ಲರ ಬಾಯಲ್ಲೂ ನಾನಾ. ಸೆಚಿವಾಳ ತಾಯಿ ಹೆರಿಗೆಯಲ್ಲಿ ಹೋದ ಮೇಲೆ ಅವಳನ್ನು ಸಾಕಿದವಳು ಇವಳೇ. ಜೋಳದ ಹಿಟ್ಟಿನ ಕೆಂಕಿ ಬೇಯಿಸಿ ಮಾರುವವಳ ಒಲೆಯ ಪಕ್ಕ ಅಜ್ಜಿಯನ್ನು ಅಡ್ಡಗಟ್ಟಿ, ನೀನೂ ಫೊಸ್ವಾಗೆ ಹಾಕಿದೆಯಾ ಎಂದು ನೇರವಾಗಿಯೇ ಕೇಳಿದಳು.

"ಯಾರಿಗೂ ಹಾಕ್ಲಿಲ್ಲ ಕಣೇ. ಅವಳ ಮುಖಾನೂ ಗುಂಡೀನೂ ಒಂದೇ ಕೈಗೆ ಸಿಕ್ತವೆ. ನೀನು ಆ ಕಡೆ ಮೂಲೇಲಿ ಕೂತಿದ್ದೀಯ. ಬಲಗೈ ಗುಂಡಿಗೆ ಹೋದ್ರೆ ನಿನಗೆ ಉಳಿಯೋದು ಎಡಗೈ. ನಿನ್ನ ಮುಖಕ್ಕೆ ಎಡಗೈ ಇಡ್ಲಾ ನಾನು?"



ಎಡಗೈ ಯಾವ ಕೆಲಸದ್ದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಈ ಸಂತೆಯಲ್ಲಿ ಎಡಗೈಯಲ್ಲಿ ಗೆಣಸು ನೀಡಿದರೆ ಗಿರಾಕಿ ಮುಖ ತಿರುಗಿಸಿ ಹೋಗುತ್ತಾನೆ. ಬಲಗೈಯಲ್ಲಿ ಕೂಸಿದ್ದು ಎಡಗೈಯಲ್ಲಿ ದಾರಿ ತೋರಿಸಬೇಕಾಗಿ ಬಂದರೂ ಮೊದಲು ಕ್ಷಮೆ ಕೇಳಿ ಆಮೇಲೆ ಕೈ ಎತ್ತುತ್ತಾರೆ. ಅಂಥ ಕೈಯನ್ನು ಹಿರಿಯಳೊಬ್ಬಳ ಮುಖದ ಮೇಲೆ ಊರಿ, ಗಂಟೆ ಹೊಡೆಯುವ ತನಕ ಒತ್ತಿ ಹಿಡಿಯುವುದು ಬೈಗುಳಕ್ಕಿಂತ ಕೆಟ್ಟದ್ದು. ಗೌರವವಿದ್ದವರಿಗೆ ಕೈ ಬರಲಿಲ್ಲ. ಮೂವರು ಜಾಣೆಯರು ಕೈ ಅದಲುಬದಲು ಮಾಡಿ, ಬಲಗೈ ಸೆಚಿವಾಳ ಮುಖಕ್ಕೆ, ಎಡಗೈ ಗುಂಡಿಗೆ ಚಾಚಿದ್ದರಂತೆ. ಪೆಟ್ಟಿಗೆ ಇಕ್ಕಟ್ಟು, ತೋಳಿನ ಮೇಲೆ ತೋಳು ಬಂದು, ಮುಂಗೈ ಫೊಸ್ವಾಳ ಮುಖಕ್ಕೆ ಒರಗಿ, ಆ ಮೂರೂ ಮತ ಅವಳಿಗೇ ಬಿದ್ದವು.

ಸೆಚಿವಾ ಬಿರುಗಾಳಿಯಂತೆ ಮರೆಯ ಹತ್ತಿರ ಬಂದಳು. ಇದು ಮೋಸ, ಇದು ಬೇಕೆಂದೇ ಹೂಡಿದ ಹೂಟ, ಮುಖಗಳನ್ನು ಅದಲುಬದಲು ಮಾಡಬೇಕು ಎಂದು ಕೂಗಾಡಿದಳು. ಮತದಾನ ಶುರುವಾದ ಮೇಲೆ ಏನನ್ನೂ ಬದಲಾಯಿಸಲು ಆಪ್ ಬಿಡುವುದಿಲ್ಲ ಎಂದ ಅಗ್ಯೆಮಾಂಗ್. ಟ್ಯಾಬನ್ನು ನೆಟ್ಟಗೆ ನಿಲ್ಲಿಸಿ ನೋಡೋಣ ಎಂದರು ಬದು. ಮೊಳೆ ಕಿತ್ತು ನಿಲ್ಲಿಸಿದರೆ ಮುಖಗಳು ಪಕ್ಕಕ್ಕೆ ಹೊರಳಿ, ಮಲಗಿಸಿದ ಹೆಣಗಳ ಹಾಗೆ ಕಂಡವು. ಮತ್ತೆ ಅಡ್ಡಕ್ಕೇ ಕೂರಿಸಿದರು.

ಫೊಸ್ವಾ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಬಂದು ನಿಂತಳು. "ದೊಡ್ಡದು ಬೇಕು ಅಂದ್ರಿ, ತಂದ್ವಿ. ಮೊದಲು ಬೇಕು ಅಂದ್ರಿ, ಕೊಟ್ವಿ. ಈಗ ಕುಣಿಯೋಕೆ ಬರದೋಳು ನೆಲ ಡೊಂಕು ಅಂತೀರಲ್ಲ ಮಾಮೆ."

ಸುತ್ತ ನಿಂತವರು ನಕ್ಕರು. ಹಾಗೆ ನಕ್ಕವರಲ್ಲಿ ತನ್ನ ಕಡೆಯವರೂ ಇದ್ದದ್ದು ಸೆಚಿವಾಗೆ ಕಂಡಿತು. ಕೈ ಎತ್ತಿಬಿಡುತ್ತಿದ್ದಳು. ಬದು ನಡುವೆ ಬಂದು ತೀರ್ಪು ಕೊಟ್ಟರು. ಬಿದ್ದ ಮತ ಬಿದ್ದದ್ದೇ. ಮತ ಹಾಕದೆ ಹೊರಬಂದವರು ಇನ್ನೊಂದು ಸಲ ಒಳಗೆ ಹೋಗಬಹುದು, ನಾಲ್ಕು ಗಂಟೆಯ ತನಕ. ಅವರಿಗೆ ಏನು ಹೇಳುವುದಿದ್ದರೂ ಸೆಚಿವಾ ಎಲ್ಲರೆದುರು ಹೇಳಲಿ.

ಹಾಗೆ ಹೊರಬಂದವರು ಅರವತ್ತಕ್ಕೂ ಹೆಚ್ಚು. ಎಲ್ಲರೂ ಗೆಣಸಿನ ರಾಶಿಗಳ ನಡುವೆ ಗುಂಪಾಗಿ ನಿಂತಿದ್ದರು. ಎಡಗೈಯೇ ಇಡಿ, ನಾನೇ ಹೇಳುತ್ತಿದ್ದೇನೆ, ತಪ್ಪು ತಿಳಿಯುವುದಿಲ್ಲ ಎಂದಳು ಸೆಚಿವಾ. ಯಾರೂ ಕದಲಲಿಲ್ಲ. ಅದು ಮುಖವಲ್ಲ, ಬರೀ ಗಾಜು ಎಂದಳು. ಗಾಜಿನಲ್ಲಿ ಕಾಣುವುದು ನಿಮ್ಮ ಮುಖವೇ ತಾನೇ ಎಂದಳೊಬ್ಬಳು. ಮೊದಲು ಕ್ಷಮೆ ಕೇಳಿ ಆಮೇಲೆ ಇಡಿ ಎಂದಳು. ಲೋಟ ಕೊಡಲು ಕ್ಷಮೆ ಕೇಳಬಹುದು, ಮುಖಕ್ಕೆ ಎಂಥ ಕ್ಷಮೆ ಎಂದಳು ಇನ್ನೊಬ್ಬಳು. ಈ ಪೆದ್ದು ಗೌರವವನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು ಸೆಚಿವಾಗೆ. ಮೂರು ಗಂಟೆ ದಾಟಿತ್ತು.

ಅವಳು ನೇರ ಪೊಕುವಾಳ ಮುಂದೆ ಹೋಗಿ ನಿಂತಳು.

"ನಾನಾ, ಇದೇ ಎಡಗೈಯಿಂದ ತಾನೇ ನೀನು ನನ್ನ ಅಂಡು ತೊಳೆದಿದ್ದು? ಅದೇ ಕೈ ಈಗ ನನ್ನ ಮುಖಕ್ಕೆ ಆಗಲ್ವಾ?"

ಯಾರೂ ನಗಲಿಲ್ಲ. ಅಜ್ಜಿ ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ಆಗ ನೀನು ಕೂಸು. ಕೂಸಿಗೆ ಯಾವ ಕೈಯಾದ್ರೂ ಆಗತ್ತೆ. ಇವತ್ತು ಒಹೆಮಾ ಆಗ್ತೀನಿ ಅಂತಿದ್ದೀಯ. ಎಡಗೈ ಇಟ್ಟ ಮುಖಕ್ಕೆ ನಾಳೆ ನಾನು ಹೆಂಗೆ ಎದ್ದು ನಿಲ್ಲಲಿ, ಹೇಳು. ಯೋಚನೆ ಮಾಡು ಮಗಳೇ. ಇಟ್ಟ ಮೇಲೆ ಇಟ್ಟಿದ್ದೇ."

ಯೋಚನೆ ಮಾಡುವ ತಾಳ್ಮೆ ಸೆಚಿವಾಗೆ ಆ ದಿನ ಇರಲಿಲ್ಲ, ನಿಜ ಹೇಳಬೇಕೆಂದರೆ ಯಾವ ದಿನವೂ ಇರಲಿಲ್ಲ. ಎದುರಿಗೆ ಫೊಸ್ವಾ ಕೈ ಕಟ್ಟಿ ನಿಂತು ಮುಗುಳ್ನಗುತ್ತಿದ್ದಳು. ಸೋತರೆ ನಾಳೆಯಿಂದ ಆ ಮುಗುಳ್ನಗೆಗೆ ತಾನು ಎದ್ದು ನಿಲ್ಲಬೇಕು. ಸೆಚಿವಾ ಅಜ್ಜಿಯ ಎಡಗೈ ಹಿಡಿದೆಳೆದು, ಎಲ್ಲರೂ ನೋಡುತ್ತಿದ್ದಂತೆ, ತನ್ನ ಕೆನ್ನೆಗೆ ಒತ್ತಿ ಹಿಡಿದಳು.

"ನೋಡ್ರೇ, ಇಟ್ಟಾಯ್ತು. ಆಕಾಶ ಏನೂ ಬೀಳಲಿಲ್ಲ. ಹೋಗಿ ಒತ್ತಿ."

ಅಜ್ಜಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಮರೆಯೊಳಗೆ ಹೋದಳು. ಗಂಟೆ ಹೊಡೆಯಿತು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಕೆಲವರು ಹೊರಬಂದು ಬಕೆಟ್ಟಿನಲ್ಲಿ ಕೈ ತೊಳೆದರು. ಕೊನೆಕೊನೆಗೆ ಬಂದವರು ತೊಳೆಯಲೂ ಇಲ್ಲ, ಏನೋ ಮಾತಾಡಿಕೊಂಡು ಕಿಸಿಕಿಸಿ ನಗುತ್ತಿದ್ದರು. ನಾಲ್ಕು ಗಂಟೆಗೆ ಬದು ಪೆಟ್ಟಿಗೆ ತೆರೆಸಿದರು. ಸೆಚಿವಾಗೆ ಎಪ್ಪತ್ತೊಂದು, ಫೊಸ್ವಾಗೆ ಐವತ್ತೆಂಟು. ಫೊಸ್ವಾ ಅಗ್ಯೆಮಾಂಗನ ಕಡೆ ತಿರುಗಿ ಒಂದು ಮಾತು ಅಂದಳು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಮರುವಾರದ ಸಂತೆಗೆ ಒಹೆಮಾ ಸೆಚಿವಾ ಹೊಸ ಬಟ್ಟೆ ಉಟ್ಟು ಬಂದಳು. ಹಿಂದೆ ಎರಡು ಹೆಜ್ಜೆ ಬಿಟ್ಟು ಒಬ್ಬಳು ಛತ್ರಿ ಹಿಡಿದಿದ್ದಳು. ಆ ವಾರದ ಮೊದಲ ಲಾರಿ ಆಗಷ್ಟೇ ಇಳಿಸಿತ್ತು, ಸಾಲಿನ ತುಂಬ ಹಸಿ ಮಣ್ಣಿನ ವಾಸನೆ. ಅವಳು ಸಾಲಿಗೆ ಕಾಲಿಟ್ಟಳು.

ಪೊಕುವಾ ಗೆಣಸು ಕತ್ತರಿಸುತ್ತಿದ್ದವಳು ಕತ್ತೆತ್ತಿ ನೋಡಿದಳು, ಪ್ರೀತಿಯಿಂದಲೇ ನೋಡಿದಳು. ಪಕ್ಕದ ಮಣೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, "ಬಾ ಮಗಳೇ, ಬಿಸಿಲು ಜಾಸ್ತಿ, ಕೂತ್ಕೋ ಬಾ" ಎಂದಳು. ಅವಳ ಪಕ್ಕದವಳು ಕೂತಲ್ಲಿಂದಲೇ ಕೈ ಬೀಸಿದಳು. ಅದರಾಚೆಯವಳೂ ಕೂತೇ ಇದ್ದಳು. ಹೋದ ವಾರ ಅವಳ ಮುಖಕ್ಕೆ ಎಡಗೈ ಇಟ್ಟು ಬಂದ ಒಬ್ಬಳೂ ಏಳಲಿಲ್ಲ. ಅವರಿಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಏಳಬೇಕೆಂದು ಅನಿಸಿರಲೇ ಇಲ್ಲ.

ಎದ್ದದ್ದು ಸಾಲಿನ ಆಚೆಯ ಮಗ್ಗುಲು. ಐವತ್ತೆಂಟು ಹೆಂಗಸರು, ಮಡಿಲಿನ ಮಣ್ಣು ಕೊಡವಿಕೊಂಡು, ನೆಟ್ಟಗೆ ಎದ್ದು ನಿಂತರು. ಅವಳ ಮುಖಕ್ಕೆ ಎಂದೂ ಎಡಗೈ ಇಡದವರು. ಎಲ್ಲರಿಗಿಂತ ಮುಂದೆ ಫೊಸ್ವಾ, ಭುಜದ ಬಟ್ಟೆ ಇಳಿಸಿ, ನಡು ಬಗ್ಗಿಸಿ, ಕಟ್ಟಳೆಯಂತೆ ಒಂದಿಷ್ಟೂ ಕುಂದಿಲ್ಲದೆ, "ಬನ್ನಿ ನಾನಾ ಒಹೆಮಾ" ಎಂದಳು. ಮುಖದಲ್ಲಿ ಅದೇ ಮುಗುಳ್ನಗೆ.

ಅವರಿಗೆ ಕೂರಿ ಎನ್ನಬೇಕಾದವಳು ಸೆಚಿವಾ. ಅವಳು ಎನ್ನಲಿಲ್ಲ. ಬಿಸಿಲೇರಿತು, ಗಿರಾಕಿಗಳು ಬಂದು ಕಾದು ಪಕ್ಕದ ಸಾಲಿಗೆ ಹೋದರು, ಐವತ್ತೆಂಟು ಜನ ನಿಂತೇ ಇದ್ದರು, ಅವಳು ಅವರನ್ನು ನೋಡುತ್ತಲೇ ಇದ್ದಳು.