ಊದಿ ಆರಿಸಿದ ನೂಲು

ನೂಲು ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಕೈಯಲ್ಲಿ ಹಿಸುಕಿ ನೋಡುತ್ತಾರೆ. ನಮ್ಮತ್ತೆ ಈ ಸಲ ಒಂದೊಂದು ಉಂಡೆಯನ್ನೂ ಬಾಯಿಯ ಹತ್ತಿರ ಹಿಡಿದು ಊದಿ ನೋಡುತ್ತಿದ್ದರು. ಉಲ್ಲನ್ ಅಂಗಡಿಯವನು ಸ್ವಲ್ಪ ಹೊತ್ತು ಸಹಿಸಿಕೊಂಡ.

"ಅಮ್ಮ, ಅದು ಕೊಳಲಲ್ಲ."

"ಗೊತ್ತಪ್ಪ. ಕೊಳಲಾಗಿದ್ರೆ ಇಷ್ಟೊತ್ತಿಗೆ ಒಂದು ರಾಗ ಬರ್ತಿತ್ತು. ಇದ್ರಲ್ಲಿ ಬರೀ ಜುಂಗು ಬರ್ತಿದೆ," ಎಂದು ಅತ್ತೆ ಗಾಳಿಯಲ್ಲಿ ತೇಲುತ್ತಿದ್ದ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಅವನ ಮೂಗಿನ ಮುಂದೆ ತೋರಿಸಿದರು. ಅವನು ಇನ್ನೊಂದು ಉಂಡೆ ತೆಗೆದು ಮುಂದಿಟ್ಟ.

ಪ್ರತಿ ಕ್ರಿಸ್ಮಸ್‌ಗೂ ಮನೆಮಂದಿಗೆಲ್ಲ ಅತ್ತೆಯ ಕೈಯ ಹೆಣಿಗೆಯೇ ಉಡುಗೊರೆ. ಮಕ್ಕಳಿಗೆ ಟೋಪಿ, ನಮ್ಮವರಿಗೆ ಕಾಲುಚೀಲ, ನನಗೆ ಏನಾದರೊಂದು. ಈ ವರ್ಷ ಅದೆಲ್ಲ ಮೂಲೆ ಸೇರಿತ್ತು. ಅವರ ತಲೆಯಲ್ಲಿ ಇದ್ದದ್ದು ಮಾವನ ಕತ್ತು ಒಂದೇ.

ಮಾವ ನಮ್ಮ ಚರ್ಚ್‌ನ ಕ್ವಾಯರ್ ಮಾಸ್ತರು, ಹಾಡುವವರ ಮುಂದೆ ನಿಂತು ಕೈಯಾಡಿಸಿ ಹಾಡಿಸುವವರು. ಗಂಟಲಿಗೆ ಕಾಯಿಲೆ ಬಂದು, ಆಪರೇಷನ್ ಆಗಿ, ಧ್ವನಿಪೆಟ್ಟಿಗೆ ಹೋಯಿತು. ಈಗ ಅವರು ಉಸಿರಾಡುವುದು ಕತ್ತಿನಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ಆಸ್ಪತ್ರೆಯವರು ಕೊಟ್ಟ ಬಿಳಿ ಬಟ್ಟೆಯ ತುಂಡು. ಮೈ ಚೇತರಿಸಿಕೊಂಡಿತು. ನಲ್ಲಿ ರಿಪೇರಿ ಮಾಡುತ್ತಾರೆ, ತುಟಿಯಾಡಿಸಿ ನನ್ನ ಅಡುಗೆಗೆ ಹೆಸರಿಡುತ್ತಾರೆ. ಆದರೆ ಪಕ್ಕದ ಮನೆಯ ಮಗುವೊಂದು, "ತಾತಂಗೆ ಕತ್ತಲ್ಲಿ ಯಾಕೆ ಬಾಯಿ?" ಎಂದು ಕೇಳಿದ ದಿನದಿಂದ ಗೇಟು ದಾಟಿರಲಿಲ್ಲ. ಕ್ವಾಯರ್‌ನವರು ಬಂದು, ನೀವು ಹಾಡಬೇಡಿ, ಮುಂದೆ ನಿಂತು ಕೈಯಾಡಿಸಿದರೆ ಸಾಕು ಎಂದು ಅಂಗಲಾಚಿದರು. ಮಾವ ಕತ್ತಿನ ಬಟ್ಟೆಯನ್ನು ತೋರಿಸಿ ತಲೆಯಾಡಿಸಿಬಿಟ್ಟರು.

"ಹೋಗಿದ್ದು ಗಂಟಲು. ಕೈಗೇನಾಗಿದೆ ನಿಮ್ಗೆ?" ಎಂದರು ಅತ್ತೆ. ಮಾವ ಎದ್ದು ಒಳಗೆ ಹೋದರು. ಈ ಕ್ರಿಸ್ಮಸ್‌ಗೆ ಹೋಗದಿದ್ದರೆ ಅವರು ಇನ್ನೆಂದೂ ಹೊರಗೆ ಹೋಗುವುದಿಲ್ಲ ಎಂದು ನನಗೂ ಅನಿಸಿತು. ಆ ಭಯಕ್ಕೇ ನಾನೂ ನೂಲು ಹುಡುಕಲು ಟೊಂಕ ಕಟ್ಟಿ ನಿಂತೆ.

ಅತ್ತೆಗೆ ಬೇಕಾಗಿದ್ದದ್ದು ಕೋಟಿನ ಕಾಲರಿನೊಳಗೆ ಗಂಭೀರವಾಗಿ ಕೂರುವ ಒಂದು ಕತ್ತುಮುಚ್ಚಿಗೆ. ಉಸಿರಿಗೆ ತೆರೆದಿರಬೇಕು, ಕಣ್ಣಿಗೆ ಮುಚ್ಚಿರಬೇಕು. ಜುಂಗಂತೂ ಬಿಡಲೇಬಾರದು, ಒಂದೆಳೆ ಒಳಗೆ ಹೋದರೂ ಮಾವನಿಗೆ ಕೆಮ್ಮು ಹತ್ತಿಕೊಳ್ಳುತ್ತದೆ. ನಾನು ಅಂಗಡಿಯಲ್ಲೇ ಅತಿ ಮೆತ್ತನೆಯದನ್ನು, ಬೆಕ್ಕಿನ ಮರಿಯಂಥದ್ದನ್ನು, ಆರಿಸಿ ತಂದು ಹೆಮ್ಮೆಯಿಂದ ಮುಂದಿಟ್ಟೆ. ಅತ್ತೆ ಅದರಲ್ಲಿ ಅಂಗೈಯಗಲದ ತುಂಡು ಹೆಣೆದು, ದಾರ ಪೋಣಿಸಿ, ತಮ್ಮ ಮೂಗುಬಾಯಿಗೆ ಕಟ್ಟಿಕೊಂಡು ಅಡುಗೆಗೆ ನಿಂತರು. ಅವರ ಪರೀಕ್ಷೆಯೇ ಹಾಗೆ. ಮೆಟ್ಟಿಲು ಹತ್ತಿ ಇಳಿಯುವುದು, ನೆಲ ಒರೆಸುವುದು, ನನ್ನನ್ನು ಬೈಯುವುದು, ಎಲ್ಲವೂ ಅದರ ಮೂಲಕವೇ ಆಗಬೇಕು. ಬಾಗಿಲಿಗೆ ಬಂದ ಹಾಲಿನವನು ಬೆಚ್ಚಿಬಿದ್ದ. ಅತ್ತೆ ಸೀನಿ ಸೀನಿ ಅದನ್ನು ಕಿತ್ತೆಸೆದರು.

"ಕೈಗೆ ಬೆಣ್ಣೆ, ಮೂಗಿಗೆ ಮುಳ್ಳು. ಇದ್ರಲ್ಲಿ ನಿಂಗೇ ಟೋಪಿ ಹಾಕ್ತೀನಿ. ನಿನ್ನ ತಲೆಗೆ ತೂತಿಲ್ವಲ್ಲ."

ಎಷ್ಟು ನೂಲು ತಂದರೂ ಅದೇ ಕಥೆ. ಹೊಸ ನೂಲೆಲ್ಲ ಜುಂಗು ಬಿಡುತ್ತಿತ್ತು, ಬಿಡದಿದ್ದದ್ದು ಉಸಿರು ಕಟ್ಟಿಸುತ್ತಿತ್ತು. ಹಬ್ಬ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಸೋತು ಕೂತ ಅತ್ತೆ, ಹೊದ್ದಿದ್ದ ಶಾಲಿನ ಅಂಚಿನಿಂದ ಕನ್ನಡಕ ಒರೆಸಿಕೊಂಡು ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಒಂದೆಳೆಯೂ ಇರಲಿಲ್ಲ. ಕನ್ನಡಕ ನೋಡಿದರು, ಶಾಲು ನೋಡಿದರು. ಎದ್ದು ಕತ್ತರಿ ತಂದರು.

ಆ ಕಡುನೀಲಿ ಹತ್ತಿ ಶಾಲನ್ನು ಅವರು ಹೆಣೆದದ್ದು ಮದುವೆಯಾದ ವರ್ಷ. ಒಗೆದು ಒಗೆದು ಅದರ ಜುಂಗೆಲ್ಲ ಎಂದೋ ಹೋಗಿತ್ತು. ಕ್ರಿಸ್ಮಸ್ ಆರಾಧನೆಗೆ ಅದನ್ನೇ ಹೊದ್ದು ಮೊದಲ ಸಾಲಿನ ತುದಿಯಲ್ಲಿ ಕೂರುವುದು ಅವರ ಪದ್ಧತಿ. ಆ ನೀಲಿ ಕಣ್ಣಿಗೆ ಬಿದ್ದ ಮೇಲೆಯೇ ಹಾಡಿಗೆ ಕೈ ಎತ್ತುವುದು ಮಾವನ ಪದ್ಧತಿ. ಇದು ಚರ್ಚ್‌ಗೆಲ್ಲ ಗೊತ್ತಿದ್ದ ತಮಾಷೆ.

"ಅತ್ತೆ, ಬೇಡ! ಅದು ಹೋದ್ರೆ..."

"ಬಾಯಿ ಮುಚ್ಕೊಂಡು ಎರಡೂ ಕೈ ಚಾಚು."

ಚಾಚಿದೆ. ಅಂಚಿನ ಗಂಟು ಕತ್ತರಿಸಿ ಎಳೆದರು. ಶಾಲು ಸಾಲುಸಾಲಾಗಿ ಬಿಚ್ಚಿಕೊಂಡು ನನ್ನ ಕೈಗಳಿಗೆ ಲಡಿಯಾಗಿ ಸುತ್ತಿಕೊಂಡಿತು. ಕತ್ತುಮುಚ್ಚಿಗೆ ಒಂದೇ ಸಾಲದು, ಒಂದು ಒದ್ದೆಯಾದರೆ ಇನ್ನೊಂದು ಬೇಕಲ್ಲ ಎಂದು ಅತ್ತೆ ಇಡೀ ಶಾಲನ್ನೇ ಬಿಚ್ಚಿದರು. ಅವರ ಕಣ್ಣಲ್ಲಿ ಹನಿ ಇರಲಿಲ್ಲ. ನನ್ನ ಕಣ್ಣಲ್ಲಿತ್ತು, ಆದರೆ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇಂಥ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ ಎಂದು ಆಗಲೇ ಅಂದುಕೊಂಡೆ.

ಕ್ರಿಸ್ಮಸ್ ಬೆಳಿಗ್ಗೆ ಮಾವ ಪೊಟ್ಟಣ ಬಿಚ್ಚಿದರು. ಒಂದನ್ನು ಕತ್ತಿಗೆ ಕಟ್ಟಿಕೊಂಡು ಉಸಿರೆಳೆದರು, ಬಿಟ್ಟರು. ಕೆಮ್ಮು ಬರಲಿಲ್ಲ. ಕನ್ನಡಿಯ ಮುಂದೆ ನಿಂತು ಕೋಟು ತೊಟ್ಟು, ಕಾಲರು ಎಳೆದು ಎಳೆದು ಮುಚ್ಚಿಕೊಂಡರು. ಆಮೇಲೆ ಯಾರಿಗೂ ಹೇಳದೆ ಚಪ್ಪಲಿ ಬಿಟ್ಟು ಚರ್ಚ್‌ಗೆ ಹಾಕುವ ಬೂಟು ಹಾಕಿಕೊಂಡರು. ಅತ್ತೆ ನನ್ನನ್ನು ಚಿವುಟಿದ ಗುರುತು ಸಂಜೆಯವರೆಗೂ ಇತ್ತು.

ಚರ್ಚ್‌ನಲ್ಲಿ ಚಳಿ ಕೊರೆಯುತ್ತಿತ್ತು. ಅತ್ತೆ ತೆಳು ಬಟ್ಟೆಯಲ್ಲಿ ತಮ್ಮ ಜಾಗದಲ್ಲೇ ಕೂತು, ನಾನು ಕೊಟ್ಟ ಶಾಲನ್ನು "ಅಲ್ಲಾಡ್ಬೇಡ, ಅವ್ರು ನೋಡ್ತಾರೆ" ಎಂದು ತಳ್ಳಿದರು. ಕ್ವಾಯರ್ ಎದ್ದು ನಿಂತಿತು. ಮಾವ ಅಭ್ಯಾಸದಂತೆ ಮೊದಲ ಸಾಲಿನ ತುದಿಗೆ ಕಣ್ಣು ಹಾಯಿಸಿದರು. ನೀಲಿ ಇರಲಿಲ್ಲ. ಇನ್ನೊಮ್ಮೆ ಹುಡುಕಿದರು. ಆಮೇಲೆ ಅವರ ಕೈ ಮೆಲ್ಲಗೆ ತಮ್ಮ ಕತ್ತಿಗೆ ಹೋಗಿ, ಹೆಣಿಗೆಯನ್ನು ಸವರಿ, ಅಲ್ಲೇ ನಿಂತುಬಿಟ್ಟಿತು.

ಮಾವ ಕೆಳಗಿಳಿದು ಬಂದರು. ಅಷ್ಟು ಜತನದಿಂದ ಕತ್ತಿಗೆ ಮುಚ್ಚಿಕೊಂಡಿದ್ದ ಕೋಟನ್ನು ಬಿಚ್ಚಿ ಅತ್ತೆಯ ಹೆಗಲಿಗೆ ಹೊದಿಸಿದರು.

"ಅಯ್ಯೋ, ಶೀತ ಆಗತ್ತೆ ರೀ! ಬುದ್ಧಿ ಇಲ್ವಾ ನಿಮ್ಗೆ?" ಅತ್ತೆ ಪಿಸುಗುಟ್ಟಿ ಬೈದರು, ಆದರೆ ಕೋಟು ಬಿಡಲಿಲ್ಲ.

ಮಾವ ಬಿಳಿ ಅಂಗಿಯಲ್ಲಿ ತಿರುಗಿ ಹೋಗಿ ನಿಂತರು. ಕತ್ತಿನ ನೀಲಿ ಎಲ್ಲರಿಗೂ ಕಾಣುತ್ತಿತ್ತು. ಅವರು ಯಾರನ್ನೂ ನೋಡಲಿಲ್ಲ, ಅತ್ತೆಯನ್ನು ಬಿಟ್ಟು. ಆಳವಾಗಿ ಉಸಿರೆಳೆದು ಎರಡೂ ಕೈ ಎತ್ತಿದರು.